ಟನ್ನಿಗೆ 3,900 ರೂಪಾಯಿ ಉಳಿಯುವ ಉದ್ಯಮ ಜಾಗತಿಕ ಸ್ಪರ್ಧೆಯಲ್ಲಿ ನಿಲ್ಲುವುದು ಹೇಗೆ?

ಪ್ರಶ್ನೆ: ನಮ್ಮದು ಕಾರ್ಕಳ ತಾಲೂಕಿನಲ್ಲಿರುವ ಸಣ್ಣ ಗೇರುಬೀಜ ಕಾರ್ಖಾನೆ. ಮಾವನವರು 1991ರಲ್ಲಿ ಆರಂಭಿಸಿದ್ದು, ಅವರ ನಂತರ ಆರು ವರ್ಷಗಳಿಂದ ನಾನು ನೋಡಿಕೊಳ್ಳುತ್ತಿದ್ದೇನೆ. 52 ಮಂದಿ ಕೆಲಸಗಾರರಿದ್ದಾರೆ, ಹೆಚ್ಚಿನವರು ಹೆಂಗಸರು. ದಿನಕ್ಕೆ ಎರಡು ಟನ್ ಬೀಜ ಒಡೆಯುತ್ತೇವೆ. ವರ್ಷಕ್ಕೆ ಸುಮಾರು 560 ಟನ್. ಮೂರನೇ ಒಂದು ಭಾಗ ಊರಿನ ಬೀಜ, ಉಳಿದದ್ದು ಮಂಗಳೂರಿನ ಆಮದುದಾರರಿಂದ ಕೊಂಡ ಆಫ್ರಿಕಾದ ಬೀಜ. ತಿರುಳು ಬೆಂಗಳೂರು, ಹೈದರಾಬಾದ್ ಮತ್ತು ದೆಹಲಿಯ ವ್ಯಾಪಾರಿಗಳಿಗೆ ಹೋಗುತ್ತದೆ. ಹಣ ಬರಲು ಸರಾಸರಿ 70 ದಿನ. ಬ್ಯಾಂಕಿನಲ್ಲಿ ಎರಡೂವರೆ ಕೋಟಿಯ ಸಿ.ಸಿ. (ಕ್ಯಾಶ್ ಕ್ರೆಡಿಟ್, ಅಂದರೆ ದಾಸ್ತಾನಿನ ಮೇಲಿನ ಸಾಲ) ಮಿತಿ ಇದೆ. ಕಳೆದ ವರ್ಷ 22 ಲಕ್ಷ ಉಳಿಯಿತು, ಈ ವರ್ಷ ಅದರ ಅರ್ಧವೂ ಕಾಣುತ್ತಿಲ್ಲ. ವಿಯೆಟ್ನಾಂ ಮುಂದೆ ನಾವು ನಿಲ್ಲಲಾರೆವು ಎಂದು ಎಲ್ಲರೂ ಹೇಳುತ್ತಾರೆ. ಎಂ.ಬಿ.ಎ. ಮುಗಿಸಿ ಬಂದಿರುವ ಮಗ, 1.4 ಕೋಟಿ ಸಾಲ ಮಾಡಿ ಸ್ವಯಂಚಾಲಿತ ಕಟಿಂಗ್ ಯಂತ್ರ ಹಾಕೋಣ, ಆಮೇಲೆ ನಮ್ಮದೇ ಬ್ರ್ಯಾಂಡ್ ಮಾಡಿ ರಫ್ತಿಗೂ ಇಳಿಯೋಣ ಎನ್ನುತ್ತಾನೆ. ಬ್ರೋಕರ್ ಒಬ್ಬರು, ಬೆಲೆ ಏರಲಿದೆ, ಐವರಿ ಕೋಸ್ಟ್‌ನ 300 ಟನ್ ಬೀಜಕ್ಕೆ ಈಗಲೇ ಒಪ್ಪಂದ ಮಾಡಿಕೊಳ್ಳಿ ಎಂದು ಒತ್ತಾಯಿಸುತ್ತಿದ್ದಾರೆ. ಎರಡು ವಾರದಲ್ಲಿ ಉತ್ತರ ಹೇಳಬೇಕು. ಮೈದುನನಿಗೆ ಕಾರ್ಖಾನೆ ಮುಚ್ಚಿ ಶೆಡ್‌ಗಳನ್ನು ಗೋದಾಮಿಗೆ ಬಾಡಿಗೆಗೆ ಕೊಡುವುದೇ ಸರಿ ಅನಿಸಿದೆ. ಪ್ರಪಂಚದ ಮಾರುಕಟ್ಟೆಯ ಜೊತೆ ಸ್ಪರ್ಧಿಸುವ ಇಂಥ ಉದ್ಯಮ ನಡೆಸಲು ನಾವು ಯಾವುದನ್ನು ಮೊದಲು ಕಲಿಯಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕು ಪ್ರಶ್ನೆಗಳಿವೆ: ಯಂತ್ರ, ಬೀಜದ ಖರೀದಿ, ರಫ್ತು ಮತ್ತು ಮುಚ್ಚುವ ಮಾತು. ಇವು ಬೇರೆ ಬೇರೆಯಾಗಿ ಕಂಡರೂ ನಾಲ್ಕರ ಹಿಂದೆಯೂ ಒಂದೇ ಆತಂಕವಿದೆ. ದೂರದ ದೇಶದವರು ನಮಗಿಂತ ಅಗ್ಗವಾಗಿ ಮಾಡುತ್ತಿದ್ದಾರೆ, ಆದ್ದರಿಂದ ಏನಾದರೂ ದೊಡ್ಡದನ್ನು ಬೇಗ ಮಾಡದಿದ್ದರೆ ಮುಳುಗುತ್ತೇವೆ ಎಂಬ ಆತಂಕ ಅದು. ಕಾಸ್ಟ್ ಅಕೌಂಟೆಂಟ್ ಆಗಿ ಕರಾವಳಿಯ ಸಣ್ಣ ಕಾರ್ಖಾನೆಗಳ ಲೆಕ್ಕ ನೋಡುತ್ತಾ ಬಂದಿರುವ ನನ್ನ ಅನುಭವದಲ್ಲಿ, ಗೇರುಬೀಜದವರು ನಷ್ಟಕ್ಕೆ ಬಿದ್ದದ್ದು ನಿಧಾನವಾಗಿ ನಡೆದದ್ದರಿಂದಲ್ಲ. ಬಹುಪಾಲು ಪ್ರಸಂಗಗಳಲ್ಲಿ, ಇಂಥ ಆತಂಕದಲ್ಲಿ ತೆಗೆದುಕೊಂಡ ಒಂದೇ ಒಂದು ದೊಡ್ಡ ನಿರ್ಧಾರದಿಂದ. ಆದ್ದರಿಂದ ನಿರ್ಧಾರಗಳ ಮಾತಿಗೆ ಮೊದಲು ನಿಮ್ಮದೇ ಅಂಕಿಗಳನ್ನು ಒಮ್ಮೆ ಬಿಡಿಸಿ ನೋಡೋಣ.

560 ಟನ್‌ಗೆ 22 ಲಕ್ಷ ಉಳಿಯಿತು ಎಂದರೆ ಟನ್ನಿಗೆ ಸುಮಾರು 3,900 ರೂಪಾಯಿ. ಈ ಅಂಕಿಯನ್ನು ಕಚೇರಿಯ ಗೋಡೆಯ ಮೇಲೆ ಬರೆದಿಡಿ ಎಂದು ಹೇಳಬೇಕೆನಿಸುತ್ತದೆ, ಏಕೆಂದರೆ ಉಳಿದೆಲ್ಲವನ್ನೂ ಅಳೆಯಬೇಕಾದ ಅಳತೆಗೋಲು ಇದು. ಲೆಕ್ಕದ ಅನುಕೂಲಕ್ಕೆ ಕಚ್ಚಾ ಬೀಜ ಟನ್ನಿಗೆ 1.3 ಲಕ್ಷ, ತಿರುಳು ಎಲ್ಲ ದರ್ಜೆ ಸೇರಿ ಸರಾಸರಿ ಕೆ.ಜಿ.ಗೆ 600, ಬ್ಯಾಂಕ್ ಬಡ್ಡಿ ಶೇ. 10 ಎಂದು ಇಟ್ಟುಕೊಳ್ಳೋಣ. ನಿಮ್ಮ ನಿಜವಾದ ದರಗಳನ್ನು ನೀವೇ ತುಂಬಿಕೊಳ್ಳಬಹುದು.

ಬೀಜದ ಗುಣಮಟ್ಟವನ್ನು ನಮ್ಮ ವ್ಯಾಪಾರದಲ್ಲಿ ಔಟ್‌ಟರ್ನ್‌ನಿಂದ ಹೇಳುತ್ತಾರೆ, ಅಂದರೆ 80 ಕೆ.ಜಿ.ಯ ಒಂದು ಚೀಲದಿಂದ ಎಷ್ಟು ಪೌಂಡ್ ತಿರುಳು ಸಿಗುತ್ತದೆ ಎಂಬ ಲೆಕ್ಕ. 48 ಪೌಂಡಿನ ಬೀಜದಲ್ಲಿ ಟನ್ನಿಗೆ 272 ಕೆ.ಜಿ. ತಿರುಳು ಬಂದರೆ, 47 ಪೌಂಡಿನದರಲ್ಲಿ ಸುಮಾರು 266 ಕೆ.ಜಿ. ಮಾತ್ರ. ಒಂದು ಪೌಂಡ್ ಎಂದು ಬಾಯಲ್ಲಿ ಸುಲಭವಾಗಿ ಹೇಳುವ ಈ ವ್ಯತ್ಯಾಸದ ಬೆಲೆ ಟನ್ನಿಗೆ ಸುಮಾರು 3,400 ರೂಪಾಯಿ. ಇನ್ನು ಕಚ್ಚಾ ಬೀಜದ ಬೆಲೆ ಶೇ. 3ರಷ್ಟು ಇಳಿದರೆ, ನಿಮ್ಮ ಗೋದಾಮಿನಲ್ಲಿ ಕುಳಿತ ಪ್ರತಿ ಟನ್ನಿನಲ್ಲೂ 3,900 ರೂಪಾಯಿ ಹೋಯಿತು. ಒಂದು ಟನ್ ಬೀಜವನ್ನು ಒಂದು ತಿಂಗಳು ಹೆಚ್ಚು ಇಟ್ಟುಕೊಂಡರೆ ಬಡ್ಡಿಯೇ 1,083 ರೂಪಾಯಿ. ತುಂಡಾಗದೆ ಬರುವ ಇಡೀ ತಿರುಳಿನ ಪ್ರಮಾಣ ಶೇ. 75ರಿಂದ 70ಕ್ಕೆ ಇಳಿದು, ಇಡೀ ಮತ್ತು ತುಂಡಿನ ನಡುವೆ ಕೆ.ಜಿ.ಗೆ 120 ರೂಪಾಯಿ ಅಂತರವಿದ್ದರೆ ಇನ್ನೂ 1,600 ರೂಪಾಯಿ. ಕಟಿಂಗ್ ವಿಭಾಗದ ಮೇಸ್ತ್ರಿಯ ಕಣ್ಣು, ಬಿಸಿಲಿನಲ್ಲಿ ಒಣಗಿಸುವವರ ಶ್ರದ್ಧೆ, ದೆಹಲಿಯ ವ್ಯಾಪಾರಿ ಹಣ ಕಳಿಸುವ ದಿನಾಂಕ, ಇವು ನಿಮ್ಮ ಲಾಭದ ಬದಿಯಲ್ಲಿರುವ ಸಣ್ಣ ವಿಷಯಗಳಲ್ಲ, ಇವೇ ನಿಮ್ಮ ಲಾಭ.

ವಿಯೆಟ್ನಾಂ ಗೆದ್ದದ್ದು ಅಗ್ಗದ ಕೂಲಿಯಿಂದ ಎಂಬ ಮಾತು ಕರಾವಳಿಯಲ್ಲಿ ಬಹಳ ಕಾಲದಿಂದ ಓಡಾಡುತ್ತಿದೆ. ಅದು ಪೂರ್ತಿ ಸುಳ್ಳಲ್ಲದಿದ್ದರೂ ದಾರಿ ತಪ್ಪಿಸುವಂಥದ್ದು. 2000ದ ದಶಕದ ಮಧ್ಯದಲ್ಲಿ ತಿರುಳಿನ ರಫ್ತಿನಲ್ಲಿ ಅವರು ಭಾರತವನ್ನು ಹಿಂದಿಕ್ಕಿದರು. ಅದಕ್ಕೆ ಕಾರಣ, ಒಡೆಯುವ ಮತ್ತು ಪೊರೆ ಬಿಡಿಸುವ ಯಂತ್ರಗಳನ್ನು ತಮ್ಮದೇ ವರ್ಕ್‌ಶಾಪ್‌ಗಳಲ್ಲಿ ತಯಾರಿಸಿ ವರ್ಷ ವರ್ಷ ತಿದ್ದಿಕೊಂಡದ್ದು, ಮತ್ತು ಆಫ್ರಿಕಾದ ಬೀಜವನ್ನು ದೊಡ್ಡ ಪ್ರಮಾಣದಲ್ಲಿ ಕೊಳ್ಳುವ ವ್ಯವಸ್ಥೆ ಕಟ್ಟಿದ್ದು. ಅವರಿಗೂ ಬೇಕಾದಷ್ಟು ಬೀಜ ಸ್ವಂತ ನೆಲದಲ್ಲಿ ಬೆಳೆಯುವುದಿಲ್ಲ. ಅವರೂ ನಮ್ಮಂತೆ ಆಮದನ್ನೇ ನಂಬಿದವರು. 2017ರಲ್ಲಿ ಏರಿದ ಬೆಲೆಗೆ ಬೀಜ ಕೊಂಡು, 2018ರಲ್ಲಿ ತಿರುಳಿನ ಬೆಲೆ ಬಿದ್ದಾಗ ಅಲ್ಲಿಯ ಅನೇಕ ಸಣ್ಣ ಕಾರ್ಖಾನೆಗಳು ಬಾಗಿಲು ಹಾಕಿದವು. ಯಂತ್ರವೂ ಇತ್ತು, ಅಗ್ಗದ ಕೂಲಿಯೂ ಇತ್ತು. ಅವರನ್ನು ಕೆಡವಿದ್ದು ಖರೀದಿಯ ಬೆಲೆ.

ಇದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿ ನಿಮ್ಮ ಗಮನಕ್ಕೆ ಬಂದಂತೆ ಕಾಣಲಿಲ್ಲ. ನೀವು ಮಾರುವುದು ಪೂರ್ತಿಯಾಗಿ ಭಾರತದೊಳಗೆ. ಜಗತ್ತಿನಲ್ಲಿ ಅತಿ ಹೆಚ್ಚು ಗೋಡಂಬಿ ತಿನ್ನುವ ದೇಶ ನಮ್ಮದೇ. ತಿರುಳಿನ ಆಮದು ಸುಂಕವನ್ನು 2019ರ ಬಜೆಟ್‌ನಲ್ಲಿ ಶೇ. 45ರಿಂದ 70ಕ್ಕೆ ಏರಿಸಲಾಯಿತು. ಅದೇ ವರ್ಷ ಕನಿಷ್ಠ ಆಮದು ಬೆಲೆಯನ್ನು ಇಡೀ ತಿರುಳಿಗೆ ಕೆ.ಜಿ.ಗೆ 720, ತುಂಡಿಗೆ 680 ರೂಪಾಯಿಗೆ ನಿಗದಿಪಡಿಸಲಾಯಿತು. ಹಾಗಾಗಿ ಬೆಂಗಳೂರಿನ ಅಂಗಡಿಯಲ್ಲಿ ನಿಮ್ಮ ಎದುರಾಳಿ ವಿಯೆಟ್ನಾಂ ಎನ್ನುವುದಕ್ಕಿಂತ ಪಕ್ಕದ ತಾಲೂಕಿನ ಕಾರ್ಖಾನೆ ಎನ್ನುವುದೇ ಸರಿ. ವಿಯೆಟ್ನಾಂ ನಿಮ್ಮನ್ನು ಎದುರಿಸುವುದು ಬೀಜದ ಖರೀದಿಯಲ್ಲಿ. ಐವರಿ ಕೋಸ್ಟ್‌ನ ಬಂದರಿನಲ್ಲಿ ಅವರು ಕೊಡಲು ಸಿದ್ಧವಿರುವ ಬೆಲೆಯೇ ಮಂಗಳೂರಿನಲ್ಲಿ ನಿಮಗೆ ಸಿಗುವ ಬೆಲೆಯನ್ನು ತೀರ್ಮಾನಿಸುತ್ತದೆ. ಸ್ಪರ್ಧೆ ಇರುವುದು ನಿಮ್ಮ ಮಾರಾಟದ ಬಾಗಿಲಲ್ಲಲ್ಲ, ಖರೀದಿಯ ಬಾಗಿಲಲ್ಲಿ. ಯಾವ ಬಾಗಿಲಲ್ಲಿ ಹೋರಾಟ ನಡೆಯುತ್ತಿದೆ ಎಂದು ತಿಳಿಯದೆ ಇನ್ನೊಂದು ಬಾಗಿಲಿಗೆ ಕಾವಲು ಹಾಕುವ ತಪ್ಪನ್ನು ದೊಡ್ಡ ಕಂಪನಿಗಳೂ ಮಾಡುತ್ತವೆ. ಸುಂಕದ ಗೋಡೆಯನ್ನು ಕಟ್ಟಿದ್ದು ಸರಕಾರ. ಅದು ಮನಸ್ಸು ಮಾಡಿದರೆ ಇಳಿಸಲೂಬಹುದು, ಆದ್ದರಿಂದ ಆ ಗೋಡೆಯನ್ನು ನಂಬಿ ಹತ್ತು ವರ್ಷದ ಸಾಲ ಮಾಡಬೇಡಿ.

ಈಗ ಬ್ರೋಕರ್ ಹೇಳಿದ 300 ಟನ್. ಮೇಲಿನ ದರದಲ್ಲಿ ಅದು 3.9 ಕೋಟಿಯ ಸರಕು, ನಿಮ್ಮ ಸಿ.ಸಿ. ಮಿತಿಗಿಂತ ಹೆಚ್ಚು, ಅರ್ಧ ವರ್ಷಕ್ಕೂ ಮಿಕ್ಕಿದ ಬೀಜ. ಬೆಲೆ ಶೇ. 10 ಏರಿದರೆ 39 ಲಕ್ಷ ಲಾಭ, ಇಳಿದರೆ 39 ಲಕ್ಷ ನಷ್ಟ. ಕಾಗದದ ಮೇಲೆ ಎರಡೂ ಸಮವಾಗಿ ಕಂಡರೂ ನಿಮ್ಮ ಮಟ್ಟದ ಕಾರ್ಖಾನೆಗೆ ಅವು ಸಮವಲ್ಲ. ಲಾಭ ಬಂದರೆ ಒಂದು ಒಳ್ಳೆಯ ವರ್ಷ ಆದೀತು. ನಷ್ಟವಾದರೆ ಬ್ಯಾಂಕ್ ನಿಮ್ಮ ದಾಸ್ತಾನನ್ನು ಹೊಸ ಬೆಲೆಗೆ ಲೆಕ್ಕ ಹಾಕಿ ಹಣ ತೆಗೆಯುವ ಮಿತಿಯನ್ನು ಇಳಿಸುತ್ತದೆ, ಅಂದರೆ ಹಣ ಅತ್ಯಂತ ಬೇಕಾದ ತಿಂಗಳಲ್ಲೇ ಕೈ ಕಟ್ಟಿಹೋಗುತ್ತದೆ. ಆಗ ಸಿಕ್ಕಿದ ಬೆಲೆಗೆ ತಿರುಳು ಮಾರಬೇಕಾಗುತ್ತದೆ, ಎಲ್ಲರೂ ಹಾಗೆಯೇ ಮಾರುವುದರಿಂದ ಬೆಲೆ ಇನ್ನಷ್ಟು ಕುಸಿಯುತ್ತದೆ. ಕೇರಳದ ಕೊಲ್ಲಂನಲ್ಲಿ ತಲೆಮಾರುಗಳಿಂದ ನಡೆದ ಅನೇಕ ಕಾರ್ಖಾನೆಗಳು ಸಾಲ ಕಟ್ಟಲಾಗದೆ ನಿಂತುಹೋದ ಕಥೆಯಲ್ಲಿ ಕೂಲಿಯ ಏರಿಕೆಯ ಜೊತೆಗೆ ಈ ಸುಳಿಯ ಪಾಲೂ ಇದೆ. ನನ್ನ ಬಳಿ ಬರುತ್ತಿದ್ದ ಒಬ್ಬ ಹಿರಿಯ ಕಾರ್ಖಾನೆದಾರರು 2017ರ ಕೊನೆಯಲ್ಲಿ ಎಂಟು ತಿಂಗಳಿಗಾಗುವಷ್ಟು ಬೀಜ ತುಂಬಿಸಿದರು. ಅವರ ತಿರುಳಿನ ಗುಣಮಟ್ಟ ಜಿಲ್ಲೆಯಲ್ಲೇ ಹೆಸರಾಗಿತ್ತು. ಕೆಲಸದಲ್ಲಿ ಒಂದು ಕೊರತೆಯೂ ಇರಲಿಲ್ಲ. ಮೂವತ್ತು ವರ್ಷ ದುಡಿದು ಉಳಿಸಿದ್ದು ಹದಿನಾಲ್ಕು ತಿಂಗಳಲ್ಲಿ ಹೋಯಿತು. ಆ ಖರೀದಿಯ ಲೆಕ್ಕವನ್ನು ನಾನೂ ನೋಡಿದ್ದೆ, ಬೆಲೆ ಏರುತ್ತದೆಂಬ ಅವರ ಊಹೆಯನ್ನು ಸಾಕಷ್ಟು ಗಟ್ಟಿಯಾಗಿ ಪ್ರಶ್ನಿಸಲಿಲ್ಲ ಎಂಬ ನೋವು ನನಗೆ ಇಂದಿಗೂ ಇದೆ. ಅದಕ್ಕಾಗಿಯೇ ನಿಮಗೆ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ರೂಪಾಯಿ ಮೌಲ್ಯ ಇಳಿದರೆ ನಮ್ಮಂಥವರಿಗೆ ಅನುಕೂಲ ಎಂಬ ಇನ್ನೊಂದು ನಂಬಿಕೆ ಇದೆ. ಡಾಲರಿನಲ್ಲಿ ಮಾರುವವರಿಗೆ ಅದು ಸ್ವಲ್ಪ ಮಟ್ಟಿಗೆ ನಿಜ. ನೀವು ಡಾಲರಿನ ಬೆಲೆಗೆ ಕೊಂಡು ರೂಪಾಯಿಯಲ್ಲಿ ಮಾರುವವರು. ರೂಪಾಯಿ ಇಳಿದಷ್ಟೂ ನಿಮ್ಮ ಬೀಜ ದುಬಾರಿ. ಮಂಗಳೂರಿನ ಆಮದುದಾರರಿಂದ ರೂಪಾಯಿಯಲ್ಲಿ ಕೊಳ್ಳುವಾಗ ಈ ಅಪಾಯವನ್ನು ಅವರು ಹೊರುತ್ತಾರೆ. ಟನ್ನಿಗೆ ಸ್ವಲ್ಪ ಹೆಚ್ಚು ಕೊಡುತ್ತಿದ್ದೀರಿ ಎಂದು ನಿಮ್ಮ ಬ್ರೋಕರ್ ಹೇಳಬಹುದು. ಆ ಹೆಚ್ಚಿನ ಹಣಕ್ಕೆ ನಿಮಗೆ ಸಿಗುತ್ತಿರುವುದು ಏನು ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಯಂತ್ರದ ವಿಷಯದಲ್ಲಿ ನಿಮ್ಮ ಮಗನ ಲೆಕ್ಕ ಹೀಗಿರಬಹುದು ಎಂದು ಊಹಿಸುತ್ತೇನೆ: 52 ಮಂದಿಯ ಕೂಲಿ, ಬೋನಸ್, ಭವಿಷ್ಯ ನಿಧಿ ಸೇರಿ ವರ್ಷಕ್ಕೆ 70 ಲಕ್ಷ, 30 ಮಂದಿ ಕಡಿಮೆಯಾದರೆ 40 ಲಕ್ಷ ಉಳಿತಾಯ, ಮೂರೂವರೆ ವರ್ಷದಲ್ಲಿ ಸಾಲ ತೀರುತ್ತದೆ. ಲೆಕ್ಕ ಅಚ್ಚುಕಟ್ಟಾಗಿದೆ, ಆದರೆ ಅರ್ಧ ಮಾತ್ರ ಬರೆದಿದೆ. ಮೊದಲ ವರ್ಷದ ಬಡ್ಡಿ 14 ಲಕ್ಷ. ಹತ್ತು ವರ್ಷ ಬಾಳಿಕೆ ಎಂದರೂ ಸವಕಳಿ 14 ಲಕ್ಷ. ಕೈಯಿಂದ ಒಡೆಯುವಾಗ ಬರುವ ಇಡೀ ತಿರುಳಿನ ಪ್ರಮಾಣ ಶೇ. 5 ಅಂಶ ಇಳಿದರೆ 560 ಟನ್‌ಗೆ 9 ಲಕ್ಷ. ವಿದ್ಯುತ್, ಬ್ಲೇಡು, ಯಂತ್ರ ನೋಡಿಕೊಳ್ಳುವ ಮೆಕ್ಯಾನಿಕ್‌ನ ಸಂಬಳ ಸೇರಿಸಿದರೆ 40 ಲಕ್ಷದಲ್ಲಿ ಏನೂ ಉಳಿಯುವುದಿಲ್ಲ. ಅದೇ ಯಂತ್ರ ವರ್ಷಕ್ಕೆ 1,500 ಟನ್ ಒಡೆದರೆ ಲಾಭ ಕೊಡುತ್ತದೆ ನಿಜ, ಆದರೆ ಅಷ್ಟು ಬೀಜ ಕೊಳ್ಳಲು ದುಡಿಯುವ ಬಂಡವಾಳ ಈಗಿನ ಎರಡೂವರೆ ಪಟ್ಟಿಗೂ ಹೆಚ್ಚು ಬೇಕು, ಮತ್ತು ಬೆಲೆ ಇಳಿಕೆಯ ಅಪಾಯವೂ ಅಷ್ಟೇ ಪಟ್ಟು ಬೆಳೆಯುತ್ತದೆ. ಹೆಚ್ಚು ಉತ್ಪಾದಿಸಿದರೆ ತಾನಾಗಿಯೇ ಖರ್ಚು ಇಳಿಯುತ್ತದೆ ಎಂಬ ಪಾಠ ಸಿಮೆಂಟಿಗೆ ಒಪ್ಪುತ್ತದೆ. ಖರ್ಚಿನ ಮುಕ್ಕಾಲಿಗೂ ಹೆಚ್ಚು ಪಾಲು ಕಚ್ಚಾ ಮಾಲೇ ಆಗಿರುವ ಗೇರುಬೀಜಕ್ಕೆ ಅದು ಬಹಳ ಸೀಮಿತವಾಗಿ ಮಾತ್ರ ಅನ್ವಯಿಸುತ್ತದೆ.

ಹಾಗೆಂದು ಯಂತ್ರವೇ ಬೇಡ ಎಂದು ನಿಮ್ಮ ಮಗನಿಗೆ ಹೇಳಬೇಡಿ. ನಿಮ್ಮ ಶೆಡ್ಡಿಗೆ ಹೋಗಿ ಕೆಲಸಗಾರರ ವಯಸ್ಸನ್ನು ಬರೆದು ನೋಡಿ. ಹೆಚ್ಚಿನವರು ಐವತ್ತು ದಾಟಿದ್ದರೆ, ಅವರ ಹೆಣ್ಣುಮಕ್ಕಳು ಈ ಕೆಲಸಕ್ಕೆ ಬರುವುದಿಲ್ಲ ಎಂಬುದು ನಿಮಗೂ ಗೊತ್ತಿರುವ ವಿಷಯ. ಆಗ ಪ್ರಶ್ನೆ ಕೂಲಿಯ ಉಳಿತಾಯದ್ದಲ್ಲ, ಐದು ವರ್ಷದ ಮೇಲೆ ಒಡೆಯುವ ಕೈಗಳೇ ಇರುತ್ತವೆಯೇ ಎಂಬುದು. ಅದಕ್ಕೆ ಹಂತ ಹಂತದ ದಾರಿ ಇದೆ. ಬೇಯಿಸುವ ಮೊದಲು ಬೀಜವನ್ನು ಗಾತ್ರದ ಪ್ರಕಾರ ಬೇರ್ಪಡಿಸುವ ಜರಡಿ ಯಂತ್ರಕ್ಕೆ ಕಡಿಮೆ ಹಣ ಸಾಕು, ಮತ್ತು ಅದು ಕೈ ಕಟಿಂಗ್‌ನಲ್ಲೂ ತುಂಡಾಗುವುದನ್ನು ತಗ್ಗಿಸುತ್ತದೆ. ಅನಂತರ ಪೀಲಿಂಗ್ ಯಂತ್ರ. ಬೋರ್ಮಾದಿಂದ (ತಿರುಳು ಒಣಗಿಸುವ ಬಿಸಿ ಕೋಣೆ) ತೆಗೆದ ತಿರುಳಿನ ಪೊರೆ ಬಿಡಿಸಲು ಎಷ್ಟು ಕೈಗಳು ಬೇಕು ಎಂದು ನಿಮಗೆ ಗೊತ್ತೇ ಇದೆ. ಕಟಿಂಗ್ ಯಂತ್ರಕ್ಕೆ ಕೈ ಹಾಕುವ ಮೊದಲು, ಅಂಥ ಯಂತ್ರವಿರುವ ಬೇರೆ ಕಾರ್ಖಾನೆಯಲ್ಲಿ ನಿಮ್ಮದೇ ಹತ್ತು ಟನ್ ಬೀಜವನ್ನು ಜಾಬ್ ವರ್ಕ್‌ಗೆ, ಅಂದರೆ ಕೂಲಿ ಕೊಟ್ಟು ಒಡೆಸಲು, ಕೊಟ್ಟು, ಎದುರಿಗೇ ನಿಂತು ಇಡೀ ಮತ್ತು ತುಂಡುಗಳನ್ನು ತೂಗಿಸಿ. ಯಂತ್ರ ಮಾರುವವರು ಕೊಡುವ ಶೇಕಡಾವಾರು, ಗಾತ್ರ ಸಮನಾಗಿರುವ ಒಳ್ಳೆಯ ಬೀಜದ್ದು. ನಿಮಗೆ ಬೇಕಾದದ್ದು ನಿಮ್ಮ ಬೀಜದ ಅಂಕಿ. ಸಬ್ಸಿಡಿ ಸಿಗುತ್ತದೆಂಬ ಕಾರಣಕ್ಕೆ ಮಾತ್ರ ಯಂತ್ರ ತರುವವರನ್ನೂ ನೋಡಿದ್ದೇನೆ. ಸಬ್ಸಿಡಿ ಸಾಲವನ್ನು ತಗ್ಗಿಸುತ್ತದೆಯೇ ಹೊರತು ತುಂಡಾದ ತಿರುಳನ್ನು ಇಡೀ ಮಾಡುವುದಿಲ್ಲ.

ನಿಮ್ಮ ಪತ್ರದಲ್ಲಿ ನೀವು ಸಮಸ್ಯೆಯೆಂದು ಹೇಳದೆ ಸುಮ್ಮನೆ ದಾಟಿಹೋದ ಒಂದು ಅಂಕಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡಿತು: 70 ದಿನ. ಮೇಲಿನ ದರದಲ್ಲಿ ನಿಮ್ಮ ವಹಿವಾಟು ಒಂಬತ್ತು ಕೋಟಿಗಿಂತ ಸ್ವಲ್ಪ ಹೆಚ್ಚಿರಬೇಕು. ಬಾಕಿ ವಸೂಲಿ 70ರಿಂದ 45 ದಿನಕ್ಕೆ ಇಳಿದರೆ ಸುಮಾರು 62 ಲಕ್ಷ ರೂಪಾಯಿ ಬಿಡುಗಡೆಯಾಗುತ್ತದೆ, ಅದರ ಬಡ್ಡಿಯೇ ವರ್ಷಕ್ಕೆ ಆರು ಲಕ್ಷಕ್ಕೂ ಹೆಚ್ಚು. ಹೊಸ ಸಾಲವಿಲ್ಲ, ಹೊಸ ಯಂತ್ರವಿಲ್ಲ, ಕಳೆದ ವರ್ಷದ ಲಾಭದ ಕಾಲು ಭಾಗಕ್ಕಿಂತ ಹೆಚ್ಚು. ಇದಕ್ಕೆ ಕಾನೂನಿನ ಬಲವೂ ಇದೆ. ಉದ್ಯಮ್ (ಸಣ್ಣ ಉದ್ಯಮಗಳ ಸರಕಾರಿ) ನೋಂದಣಿ ಇರುವ ಸೂಕ್ಷ್ಮ ಮತ್ತು ಸಣ್ಣ ತಯಾರಕರಿಗೆ 2006ರ ಎಂ.ಎಸ್.ಎಂ.ಇ. ಅಭಿವೃದ್ಧಿ ಕಾಯ್ದೆಯ ಪ್ರಕಾರ ಲಿಖಿತ ಒಪ್ಪಂದವಿದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನದೊಳಗೆ ಹಣ ಬರಬೇಕು. 2024-25ನೇ ತೆರಿಗೆ ನಿರ್ಧರಣಾ ವರ್ಷದಿಂದ, ಈ ಅವಧಿ ಮೀರಿ ಬಾಕಿ ಇಟ್ಟ ಖರೀದಿದಾರರಿಗೆ ಆ ಖರ್ಚನ್ನು ನಿಜವಾಗಿ ಹಣ ಕೊಟ್ಟ ವರ್ಷದಲ್ಲಿ ಮಾತ್ರ ಆದಾಯದಿಂದ ಕಳೆಯಲು ಅವಕಾಶ. ನೋಂದಣಿ ಸಂಖ್ಯೆಯನ್ನು ಪ್ರತಿ ಬಿಲ್ಲಿನ ಮೇಲೆ ಮುದ್ರಿಸಿ. ಅಪಾಯವಿಲ್ಲದ ದಾರಿ ಇದೂ ಅಲ್ಲ. ಬಿಗಿ ಮಾಡಿದರೆ ಒಬ್ಬಿಬ್ಬರು ವ್ಯಾಪಾರಿಗಳು ನಿಮ್ಮನ್ನು ಬಿಟ್ಟು, ಉದ್ದನೆಯ ಉದ್ದರಿ ಕೊಡುವವರ ಬಳಿ ಹೋಗಬಹುದು. ನನ್ನ ಸಲಹೆ ಏನೆಂದರೆ, 45 ದಿನದೊಳಗೆ ಕೊಡುವವರಿಗೆ ಕೆ.ಜಿ.ಗೆ ಕೆಲವು ರೂಪಾಯಿ ಬಿಡುವುದು, ಅತಿ ನಿಧಾನದ ವ್ಯಾಪಾರಿಯಿಂದ ಹಿಂದೆ ಸರಿಯುವುದು. ಅವರಿಗೆ ನೀವು ಮಾರುತ್ತಿರುವುದು ಗೋಡಂಬಿಯ ಜೊತೆಗೆ ಬಡ್ಡಿಯಿಲ್ಲದ ಸಾಲವನ್ನೂ.

ರಫ್ತಿನ ಕುರಿತು ಮಗನ ಉತ್ಸಾಹವನ್ನು ಗೌರವಿಸುತ್ತೇನೆ, ಆದರೆ ಕ್ರಮ ಬದಲಾಗಬೇಕು. ಯುರೋಪಿನ ಖರೀದಿದಾರರು ಆಹಾರ ಸುರಕ್ಷತೆಯ ಪ್ರಮಾಣಪತ್ರ, ಅಫ್ಲಟಾಕ್ಸಿನ್ (ಬೂಷ್ಟಿನಿಂದಾಗುವ ವಿಷ) ಪರೀಕ್ಷೆ, ಪ್ರತಿ ಲಾಟ್‌ನ, ಅಂದರೆ ಸರಕಿನ ಪ್ರತಿ ಕಂತಿನ, ಮೂಲದ ದಾಖಲೆ ಕೇಳುತ್ತಾರೆ. ಇವೆಲ್ಲ ನಿಮ್ಮ ಕಾರ್ಖಾನೆಯನ್ನು ಉತ್ತಮಗೊಳಿಸುತ್ತವೆ, ಆದರೆ ಖರ್ಚು ಮೊದಲು ಬರುತ್ತದೆ, ಆದೇಶ ಆಮೇಲೆ. ಹಣ ಸಿಗುವ ಭರವಸೆ ಇನ್ನೊಂದು ಪ್ರಶ್ನೆ. 2022ರಲ್ಲಿ ಇಟಲಿಗೆ ಹೊರಟ ವಿಯೆಟ್ನಾಂನ ಗೋಡಂಬಿ ಕಂಟೇನರ್‌ಗಳ ಪೈಕಿ 36ರ ಮೂಲ ದಾಖಲೆಗಳು ವಂಚಕರ ಕೈ ಸೇರಿ, ಅವನ್ನು ಮರಳಿ ಪಡೆಯಲು ಅಲ್ಲಿಯ ಸರಕಾರವೇ ಓಡಾಡಬೇಕಾಯಿತು. ಅದು ಜಗತ್ತಿನ ಅತಿ ಅನುಭವಿ ರಫ್ತುದಾರರಿಗೆ ಆದದ್ದು. ಮೊದಲ ಒಂದೆರಡು ಆದೇಶಗಳನ್ನು ಈಗಾಗಲೇ ರಫ್ತು ಮಾಡುತ್ತಿರುವ ಮಂಗಳೂರಿನ ಕಾರ್ಖಾನೆಗಳ ಮೂಲಕ ಕಳಿಸಿ ಕಲಿಯುವುದು ಒಳ್ಳೆಯದು.

ಬ್ರ್ಯಾಂಡ್‌ಗೆ ನಿಮ್ಮ ಬಳಿ ಒಂದು ನಿಜವಾದ ಆಧಾರವಿದೆ: ಊರಿನ ಬೀಜ. ಕರಾವಳಿಯ ತಿರುಳಿನ ಸಿಹಿಯನ್ನು ಬಲ್ಲವರು ಬೆಂಗಳೂರಿನಲ್ಲೂ ಮುಂಬಯಿಯಲ್ಲೂ ಇದ್ದಾರೆ. ಅದನ್ನು ಈಗ ನೀವು ಆಫ್ರಿಕಾದ ಬೀಜದೊಡನೆ ಬೆರೆಸಿ ಒಂದೇ ಬೆಲೆಗೆ ಮಾರುತ್ತಿದ್ದೀರಿ ಎಂದು ಭಾವಿಸುತ್ತೇನೆ. ಫೆಬ್ರವರಿಯಿಂದ ಮೇವರೆಗೆ ಕೊಂಡ ಊರಿನ ಬೀಜವನ್ನು ಮಳೆಗಾಲಕ್ಕೆ ಮೊದಲು ಚೆನ್ನಾಗಿ ಒಣಗಿಸಿ ಪ್ರತ್ಯೇಕ ಗೋದಾಮಿನಲ್ಲಿ, ಪ್ರತ್ಯೇಕ ಲಾಟ್ ಸಂಖ್ಯೆಯಲ್ಲಿ ಇಟ್ಟು, ಅದರ ತಿರುಳನ್ನು ಮಾತ್ರ ನಿಮ್ಮ ಹೆಸರಿನಲ್ಲಿ ಕಟ್ಟಿ ಮಾರಲು ಆರಂಭಿಸಬಹುದು. ಮೊದಲ ವರ್ಷ ಹತ್ತು ಟನ್ ತಿರುಳು ಸಾಕು. ಆ ಪ್ಯಾಕೆಟ್ಟಿನಲ್ಲಿ ಒಂದು ಚೀಲ ಹೊರಗಿನ ಬೀಜವೂ ಸೇರಬಾರದು. ಸೇರಿದ ದಿನ ನಿಮ್ಮ ಬ್ರ್ಯಾಂಡ್‌ಗೆ ಅರ್ಥವಿಲ್ಲ. ಬೆನಿನ್ ದೇಶ 2024ರ ಏಪ್ರಿಲ್‌ನಿಂದ ಕಚ್ಚಾ ಬೀಜದ ರಫ್ತನ್ನು ನಿಷೇಧಿಸಿದೆ, ಐವರಿ ಕೋಸ್ಟ್ ತನ್ನಲ್ಲೇ ಸಂಸ್ಕರಿಸುವವರಿಗೆ ಪ್ರೋತ್ಸಾಹ ಕೊಡುತ್ತಿದೆ. ಆಫ್ರಿಕಾದ ಬೀಜ ಇಂದಿನಷ್ಟು ಸುಲಭವಾಗಿ ಮುಂದೆಯೂ ಸಿಗುತ್ತದೆಂದು ಹೇಳಲಾಗದು. ಪುತ್ತೂರಿನ ಗೇರು ಸಂಶೋಧನಾ ನಿರ್ದೇಶನಾಲಯದ ತಳಿಗಳನ್ನು ನೆಟ್ಟಿರುವ ಬೆಳೆಗಾರರೊಡನೆ ಈಗಲೇ ನೇರ ಸಂಬಂಧ ಬೆಳೆಸಿಕೊಳ್ಳುವುದು ನಿಧಾನದ ಕೆಲಸವಾದರೂ, ಖರೀದಿಯ ಬಾಗಿಲಲ್ಲಿ ನಿಮಗೆ ಸಿಗಬಹುದಾದ ಏಕೈಕ ಸ್ವಂತ ಬಲ ಅದು.

ಮುಚ್ಚಿ ಬಾಡಿಗೆಗೆ ಕೊಡಬೇಕೆಂಬ ಮೈದುನನವರ ಮಾತನ್ನು ಮನೆಯಲ್ಲಿ ಅವಮಾನವೆಂದು ತಿಳಿಯಬೇಡಿ. ಶೆಡ್ಡಿಗೆ ಸಿಗುವ ಬಾಡಿಗೆ, ನಿಮ್ಮ ಸ್ವಂತ ಬಂಡವಾಳಕ್ಕೆ ಬ್ಯಾಂಕಿನಲ್ಲಿ ಸಿಗುವ ಬಡ್ಡಿ, ನಿಮ್ಮ ದುಡಿಮೆಗೆ ಹೊರಗೆ ಸಿಗಬಹುದಾದ ಸಂಬಳ, ಇವನ್ನು ಕೂಡಿಸಿ 22 ಲಕ್ಷದ ಪಕ್ಕದಲ್ಲಿಡಿ. ಕೆಲಸಗಾರರಿಗೆ ಕೊಡಬೇಕಾಗುವ ಗ್ರಾಚ್ಯುಟಿ ಮತ್ತು ಪರಿಹಾರವನ್ನೂ ಮರೆಯಬೇಡಿ. ಮೂರು ವರ್ಷದ ಸರಾಸರಿ ಲಾಭ ಆ ಮೊತ್ತಕ್ಕಿಂತ ಕೆಳಗೆ ಉಳಿದರೆ ಅವರ ಮಾತು ಸರಿ. ಈ ಒಂದು ವರ್ಷದ ಇಳಿಕೆ ಮಾತ್ರ ನೋಡಿ ತೀರ್ಮಾನಿಸಬೇಡಿ, ಏಕೆಂದರೆ ಅದರಲ್ಲಿ ಎಷ್ಟು ಪಾಲು ಬೀಜದ ಬೆಲೆಯದು, ಎಷ್ಟು ಔಟ್‌ಟರ್ನ್‌ನದು, ಎಷ್ಟು ಬಡ್ಡಿಯದು ಎಂದು ನೀವು ಇನ್ನೂ ಬಿಡಿಸಿ ನೋಡಿಲ್ಲ. ಲಾಟ್ ಪ್ರಕಾರ ಬರೆದಿಟ್ಟಿಲ್ಲದಿದ್ದರೆ ಈ ವಾರದಿಂದಲೇ ಬರೆಯಿರಿ: ಯಾವ ಲಾಟ್, ಎಷ್ಟಕ್ಕೆ ಕೊಂಡದ್ದು, ಎಷ್ಟು ತಿರುಳು ಬಂತು, ಅದರಲ್ಲಿ ಇಡೀ ಎಷ್ಟು, ಕೊಂಡ ದಿನದಿಂದ ಹಣ ಬಂದ ದಿನದವರೆಗೆ ಎಷ್ಟು ದಿನ. ಮೇಸ್ತ್ರಿಯನ್ನೂ ಮಗನನ್ನೂ ಕೂರಿಸಿಕೊಂಡು ಪ್ರತಿ ಶನಿವಾರ ಈ ಪುಸ್ತಕ ನೋಡಿ.

ಬ್ರೋಕರ್‌ಗೆ ಉತ್ತರ ಹೇಳಲು ನಿಮಗಿರುವುದು ಎರಡು ವಾರ. 300 ಟನ್ ಸಾಧ್ಯವಿಲ್ಲ, 60 ಟನ್, ಅಂದರೆ ಸುಮಾರು ಆರು ವಾರದ ಬೀಜ, ಕೊಳ್ಳುತ್ತೇನೆ ಎನ್ನಿ. ಒಪ್ಪಂದದಲ್ಲಿ ಔಟ್‌ಟರ್ನ್ 48 ಪೌಂಡ್, ತೇವಾಂಶ ಶೇ. 10ಕ್ಕಿಂತ ಕಡಿಮೆ, ಮಂಗಳೂರಿನಲ್ಲಿ ಸ್ವತಂತ್ರ ಸರ್ವೇಯರ್ ನಡೆಸಿದ ಕಟಿಂಗ್ ಟೆಸ್ಟ್‌ನ (ಮಾದರಿ ಬೀಜ ಒಡೆದು ತಿರುಳು ತೂಗುವ ಪರೀಕ್ಷೆ) ಫಲಿತಾಂಶವೇ ಅಂತಿಮ, 48ಕ್ಕಿಂತ ಕಡಿಮೆ ಬಂದರೆ ಅದೇ ಪ್ರಮಾಣದಲ್ಲಿ ಬೆಲೆ ಕಡಿತ, 46ಕ್ಕಿಂತ ಕೆಳಗಾದರೆ ಸರಕು ತಿರಸ್ಕರಿಸುವ ಹಕ್ಕು ಎಂದು ಬರೆಸಿಕೊಳ್ಳಿ. ಸಹಿ ಹಾಕುವ ದಿನವೇ ಆ ಬೀಜದಿಂದ ಬರುವ ತಿರುಳಿನ ಅರ್ಧದಷ್ಟನ್ನಾದರೂ ನಿಮ್ಮ ಬೆಂಗಳೂರು ಅಥವಾ ಹೈದರಾಬಾದ್ ವ್ಯಾಪಾರಿಗೆ ಗೊತ್ತಾದ ಬೆಲೆಗೆ ಮಾರಿಬಿಡಿ. ಈ ಷರತ್ತುಗಳಿಗೆ ಅವರು ಒಪ್ಪದಿದ್ದರೆ, ಮಂಗಳೂರಿನ ಆಮದುದಾರರಿಂದ ತಿಂಗಳು ತಿಂಗಳು ಕೊಳ್ಳುವ ನಿಮ್ಮ ಈಗಿನ ಪದ್ಧತಿಯನ್ನೇ ಈ ಋತು ಮುಗಿಯುವವರೆಗೆ ಮುಂದುವರಿಸಿ.